ಕನ್ನಡದ ಕೈಬರಹ ತಿದ್ದುವಾಗ ಮೊದಲು ನೋಡಬೇಕಾದದ್ದು ಅಕ್ಷರದ ಸುತ್ತಲಿನ ಜಾಗ

ಪ್ರಶ್ನೆ: ನನಗೀಗ 42 ವರ್ಷ. ಕೆಲಸವೆಲ್ಲ ಕೀಬೋರ್ಡಿನ ಮೇಲೆ. ಈಚೆಗೆ ದಿನಚರಿ ಬರೆಯುವ ರೂಢಿ ಮಾಡಿಕೊಂಡಿದ್ದೇನೆ. ವಾರ ಕಳೆದು ನೋಡಿದರೆ ನಾನು ಬರೆದದ್ದು ನನಗೇ ಓದಲು ಬರುವುದಿಲ್ಲ. ಅರ್ಧ ಪುಟ ತುಂಬುವಷ್ಟರಲ್ಲಿ ಹೆಬ್ಬೆರಳು ನೋಯುತ್ತದೆ. ಇಂಗ್ಲಿಷ್ ಕರ್ಸಿವ್ ಕಾಪಿ ಪುಸ್ತಕ ತಂದು ಕೆಲವು ತಿಂಗಳು ತಿದ್ದಿದೆ. ಇಂಗ್ಲಿಷ್ ಕೊಂಚ ಸುಧಾರಿಸಿತು, ಕನ್ನಡ ಮಾತ್ರ ಕಾಗೆಕಾಲು ಗುಬ್ಬಿಕಾಲಾಗಿಯೇ ಉಳಿದಿದೆ. ಈ ವಯಸ್ಸಿನಲ್ಲಿ ಕೈಬರಹ ಸರಿಹೋಗುತ್ತದೆಯೇ? ಒಳ್ಳೆಯ ಪೆನ್ನು ಕೊಂಡರೆ ಪ್ರಯೋಜನವಿದೆಯೇ? ನನ್ನದೇ ಎನ್ನುವಂಥ ಶೈಲಿ ಬರುವುದು ಹೇಗೆ? ಬರಹ ಬದಲಾದರೆ ಸಹಿಯನ್ನೂ ಬದಲಿಸಬೇಕೆ?

ಉತ್ತರ: ಸರಿಹೋಗುತ್ತದೆ, ಖಂಡಿತ. ಕೈಬರಹ ಎಂದರೆ ಕೈಗೆ ಕೂತುಹೋದ ಚಲನೆಗಳು. ಹಳೆಯ ಚಲನೆಯ ಜಾಗದಲ್ಲಿ ಹೊಸದನ್ನು ಕೂರಿಸಲು ವಯಸ್ಸು ಅಡ್ಡಿಯಲ್ಲ. ಮಕ್ಕಳಿಗಿಲ್ಲದ ಒಂದು ಅನುಕೂಲ ನಿಮಗಿದೆ. ಏಳು ವರ್ಷದ ಮಗುವಿಗೆ ತನ್ನ ಅಕ್ಷರ ಏಕೆ ಚೆನ್ನಾಗಿಲ್ಲ ಎಂಬುದು ಕಾಣುವುದಿಲ್ಲ. ನೀವು ನೋಡಿ ಗುರುತಿಸಬಲ್ಲಿರಿ, ಕಾರಣ ಹುಡುಕಬಲ್ಲಿರಿ, ಒಂದೇ ದೋಷವನ್ನು ಹಿಡಿದು ತಿದ್ದಬಲ್ಲಿರಿ.

ಇಂಗ್ಲಿಷ್ ತಿದ್ದಿದ್ದು ಕನ್ನಡಕ್ಕೆ ದಾಟಲಿಲ್ಲ ಎಂದಿದ್ದೀರಿ. ನಿಮ್ಮ ಇಡೀ ಪ್ರಶ್ನೆಯ ತಿರುಳು ಅಲ್ಲೇ ಇದೆ. ಕರ್ಸಿವ್ ಪುಸ್ತಕಗಳು ಕಲಿಸುವುದು ಪೆನ್ನೆತ್ತದೆ ಅಕ್ಷರದಿಂದ ಅಕ್ಷರಕ್ಕೆ ಸಾಗುವುದನ್ನು, ಎಲ್ಲ ಅಕ್ಷರಗಳನ್ನೂ ಒಂದೇ ಓರೆಯಲ್ಲಿ ನಿಲ್ಲಿಸುವುದನ್ನು. ಅಮೆರಿಕದ ಆಸ್ಟಿನ್ ಪಾಮರ್ 1894ರಲ್ಲಿ ವ್ಯಾಪಾರಿ ಬರವಣಿಗೆಯ ಕೈಪಿಡಿ ಹೊರತಂದಾಗ ಅವನ ಗುರಿ ಗುಮಾಸ್ತರ ಕೈ ದಣಿಯದೆ ವೇಗವಾಗಿ ಓಡಬೇಕು ಎಂಬುದಾಗಿತ್ತು. ಆ ಲಿಪಿ ಎಡದಿಂದ ಬಲಕ್ಕೆ ಹರಿಯುವಂಥದ್ದು, ಹಾಗಾಗಿ ಆ ಪದ್ಧತಿಯೂ ಅಡ್ಡಕ್ಕೆ ಹರಿಯುವುದನ್ನೇ ಕಲಿಸುತ್ತದೆ. ಕನ್ನಡ ಅಕ್ಷರ ಹಾಗಲ್ಲ. ಪ್ರತಿ ಅಕ್ಷರವೂ ಬಿಡಿಯಾಗಿ ನಿಲ್ಲುತ್ತದೆ, ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ತಲೆಯ ಮೇಲೆ ತಲಕಟ್ಟು, ಗುಡಿಸು, ಏತ್ವ. ಪಕ್ಕದಲ್ಲಿ ಕೊಂಬು, ದೀರ್ಘ. ಕಾಲ ಬುಡದಲ್ಲಿ ಒತ್ತಕ್ಷರ. ‘ರಾಷ್ಟ್ರ’ ಎಂದು ಬರೆದು ನೋಡಿ. ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕೂ ಕೆಳಗೆ ರಕಾರದ ಒತ್ತು. ಇಷ್ಟೂ ಒಂದೇ ಗೆರೆಯ ಪಾಲಿನ ಜಾಗದಲ್ಲಿ ಹಿಡಿಸಬೇಕು. ಅವಸರದಲ್ಲಿ ಬರೆಯುವವರ ಕನ್ನಡ ಕೆಡುವುದು ಈ ನಿಲುವಿನ ಜಾಗದಲ್ಲೇ. ಅಕ್ಷರದ ಮೈಯನ್ನು ಗೆರೆಯಿಂದ ಗೆರೆಗೆ ತುಂಬಿಸಿಬಿಡುತ್ತಾರೆ. ಆಮೇಲೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಅದಕ್ಕೆ ನಾನು ಹೇಳುವ ಮೊದಲ ಕೆಲಸಕ್ಕೂ ಅಕ್ಷರದ ಆಕಾರಕ್ಕೂ ಸಂಬಂಧವಿಲ್ಲ. ಮೈಯನ್ನು ಚಿಕ್ಕದು ಮಾಡಿ. ಗೆರೆಗಳ ಅಂತರ 8 ಮಿಲಿಮೀಟರ್ ಇದ್ದರೆ ಅಕ್ಷರದ ಮೈ 3 ಮಿಲಿಮೀಟರ್ ದಾಟದಿರಲಿ. ಉಳಿದ 5ರಲ್ಲಿ ಮೇಲಿನ ಸಾಲಿನ ಒತ್ತಕ್ಷರವೂ ಈ ಸಾಲಿನ ಗುಡಿಸೂ ಒಂದನ್ನೊಂದು ಮುಟ್ಟದೆ ಕೂರಬೇಕು. ಮೊದಮೊದಲು ಪುಟ ಖಾಲಿ ಖಾಲಿ ಅನಿಸುತ್ತದೆ, ಕಾಗದ ದಂಡವಾಯಿತು ಅನಿಸುತ್ತದೆ. ಆದರೂ ಒಂದು ಪುಟ ಹೀಗೆ ಬರೆದು, ನಿಮ್ಮ ಹಳೆಯ ಪುಟದ ಪಕ್ಕದಲ್ಲಿಟ್ಟು ನೋಡಿ. ಅಕ್ಷರದ ಆಕಾರ ಒಂದಿಷ್ಟೂ ಬದಲಾಗಿರುವುದಿಲ್ಲ, ಓದಲು ಮಾತ್ರ ಎಷ್ಟೋ ಸುಲಭವಾಗಿರುತ್ತದೆ. ಕಣ್ಣು ಓದುವುದು ಶಾಯಿಯನ್ನಷ್ಟೇ ಅಲ್ಲ, ಶಾಯಿಯ ನಡುವಿನ ಬಿಳಿಯನ್ನೂ ಓದುತ್ತದೆ.

ಲಿಪಿಯನ್ನು ಕಲೆಯಾಗಿ ಬೆಳೆಸಿದ ಹಲವು ಪರಂಪರೆಗಳು ಮೊದಲು ಒಂದು ಅಳತೆ ಕಂಡುಕೊಂಡವು. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ವಜೀರನಾಗಿದ್ದ ಇಬ್ನ್ ಮುಕ್ಲಾ ಎಂಬ ಲಿಪಿಕಾರನ ಹೆಸರಿನಲ್ಲಿ ಅರಬ್ಬಿ ಅಕ್ಷರಗಳ ಪ್ರಮಾಣಪದ್ಧತಿ ಉಳಿದುಬಂದಿದೆ. ಜೊಂಡಿನ ಲೇಖನಿಯನ್ನು ಒತ್ತಿದಾಗ ಮೂಡುವ ಒಂದು ಚುಕ್ಕಿಯೇ ಅದರಲ್ಲಿ ಮಾನ. ಮೊದಲ ಅಕ್ಷರವಾದ ಅಲಿಫ್ ಇಷ್ಟು ಚುಕ್ಕಿ ಎತ್ತರ, ಉಳಿದ ಅಕ್ಷರಗಳು ಅದಕ್ಕೆ ತಕ್ಕಂತೆ. ಇಂಗ್ಲೆಂಡಿನಲ್ಲಿ ಹಳೆಯ ಬರವಣಿಗೆಯ ಕಲೆಯನ್ನು ಮತ್ತೆ ಜೀವಂತಗೊಳಿಸಿದ ಎಡ್ವರ್ಡ್ ಜಾನ್‌ಸ್ಟನ್, ಬೈಬಲಿನ ಕೀರ್ತನೆಗಳಿರುವ ಹತ್ತನೆಯ ಶತಮಾನದ ಒಂದು ಹಸ್ತಪ್ರತಿಯನ್ನು ಕೂಲಂಕಷವಾಗಿ ನೋಡಿ ತನ್ನ ಬುನಾದಿ ಶೈಲಿಯನ್ನು ರೂಪಿಸಿದ. ಅವನು ಶಿಷ್ಯರಿಗೆ ಅಕ್ಷರದ ಎತ್ತರವನ್ನು ಅಳೆಯಲು ಕಲಿಸಿದ್ದೂ ನಿಬ್ಬಿನ ಅಗಲದಿಂದಲೇ. ಅಂದರೆ ಅಳತೆ ಹೊರಗಿನಿಂದ ಬರಲಿಲ್ಲ, ಬರೆಯುವ ಉಪಕರಣದಿಂದಲೇ ಹುಟ್ಟಿತು.

ಕನ್ನಡಕ್ಕೆ ನಾನು ಸೂಚಿಸುವ ಅಳತೆಗೋಲು ನಿಮ್ಮದೇ ರಕಾರದ ದುಂಡು. ತಲಕಟ್ಟು ಬಿಟ್ಟು ಬರೀ ಆ ವೃತ್ತ. ಸಹಜವಾಗಿ ಬರೆದಾಗ ಅದು ಎಷ್ಟು ದೊಡ್ಡದಾಗಿ ಬರುತ್ತದೋ ಅದನ್ನೇ ಮಾನ ಎಂದುಕೊಳ್ಳಿ. ಗ, ದ, ಪ, ವ ಸುಮಾರು ಆ ಎತ್ತರ. ಣ, ಮ, ಯ ಎತ್ತರದಲ್ಲಿ ಅಷ್ಟೇ, ಅಗಲದಲ್ಲಿ ಹೆಚ್ಚುಕಡಿಮೆ ಎರಡು ದುಂಡು. ಇವುಗಳನ್ನು ಒಂದು ದುಂಡಿನ ಅಗಲಕ್ಕೆ ಹಿಸುಕುವುದೇ ಬಹುತೇಕ ಗೋಜಲಿಗೆ ಕಾರಣ. ಒತ್ತಕ್ಷರ ಮೂರರಲ್ಲಿ ಎರಡು ಪಾಲು. ಸೊನ್ನೆ ಅರ್ಧ. ಪದ ಮತ್ತು ಪದದ ನಡುವೆ ಒಂದು ದುಂಡು ಹಿಡಿಸುವಷ್ಟು ಬಿಳಿ. ಇದು ನಾನು ಬಳಸುವ ಲೆಕ್ಕ. ನಿಮ್ಮ ಕೈಗೆ ಕೊಂಚ ಆಚೀಚೆ ಆದರೂ ಅಡ್ಡಿಯಿಲ್ಲ, ಪುಟದ ಉದ್ದಕ್ಕೂ ಒಂದೇ ಲೆಕ್ಕ ಇರಬೇಕು ಅಷ್ಟೇ.

ಸೊನ್ನೆಗೆ ಅರ್ಧವೇ ಏಕೆ ಎಂದರೆ, ಅದು ಬೆಳೆದರೆ ರಕಾರವಾಗುತ್ತದೆ. ‘ಬಂದ’ ಎಂದು ಅವಸರದಲ್ಲಿ ಬರೆಯಿರಿ. ಸೊನ್ನೆ ಅಕ್ಷರದಷ್ಟೇ ದೊಡ್ಡದಾಗಿ, ಪಕ್ಕದ ದಕಾರದ ತಲಕಟ್ಟು ಎಡಕ್ಕೆ ಚಾಚಿ ಅದರ ನೆತ್ತಿ ಮುಟ್ಟಿದರೆ ಓದುವವರ ಕಣ್ಣಿಗೆ ಅದು ‘ಬರದ’. ಬಂದ ಪತ್ರ ಬರದ ಪತ್ರವಾಗಿಬಿಟ್ಟಿತು. ಇಂಥ ಜಾಗಗಳನ್ನು ನಿಮ್ಮ ದಿನಚರಿಯಲ್ಲಿ ನೀವೇ ಹುಡುಕಬೇಕು. ಓದಲಾಗದ ಪದಗಳಿಗೆ ಕೆಂಪು ಗೆರೆ ಹಾಕಿ, ತೊಡಕು ಯಾವ ಅಕ್ಷರದಲ್ಲಿ, ಆ ಅಕ್ಷರದ ಯಾವ ಮೂಲೆಯಲ್ಲಿ ಎಂದು ನೋಡಿ. ಎಲ್ಲ ಅಕ್ಷರಗಳೂ ಕೆಟ್ಟಿರುವುದಿಲ್ಲ. ನಾನು ನೋಡಿದ ಬರಹಗಳಲ್ಲೆಲ್ಲ ಐದಾರು ಅಕ್ಷರಗಳೇ ಪುಟವನ್ನು ಹಾಳುಮಾಡಿರುತ್ತವೆ. ಗುಡಿಸಿನ ಸುತ್ತು ಮುಚ್ಚದೆ ಬಾಯಿ ತೆರೆದುಕೊಂಡು ‘ಕಲಿ’ ‘ಕಲೆ’ ಆಗಿರುತ್ತದೆ, ‘ಕರಿ’ ‘ಕರೆ’ ಆಗಿರುತ್ತದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ನಡುವೆ ಇರುವುದು ಕೆಳಗಿನ ಒಂದು ಸೀಳು ಮಾತ್ರ, ಅದನ್ನು ಹಾಕಿದೆವೋ ಇಲ್ಲವೋ ಎಂಬಂತೆ ತಾಗಿಸಿ ಬಿಟ್ಟಿರುತ್ತೇವೆ. ಪಕಾರವನ್ನು ಷಕಾರದಿಂದ ಬೇರೆ ಮಾಡುವುದು ಒಳಗಿನ ಒಂದು ಗೆರೆ. ‘ವು’ ಮತ್ತು ‘ಮ’ ಅಂತೂ ಅವಸರದಲ್ಲಿ ಅವಳಿಗಳೇ. ಕೊಂಬು ಮೈಯ ಬುಡದಿಂದ ಸ್ಪಷ್ಟವಾಗಿ ಮೇಲೆದ್ದು ನಿಲ್ಲಬೇಕು, ಇಲ್ಲದಿದ್ದರೆ ಓದುಗನಿಗೆ ಸಂದರ್ಭವೇ ಗತಿ. ದೀರ್ಘವನ್ನು ಅಕ್ಷರಕ್ಕೆ ಅಂಟಿಸಿ ಬರೆಯಬೇಡಿ, ಕೂದಲೆಳೆಯಷ್ಟಾದರೂ ಬಿಡುವು ಕೊಡಿ. ‘ಬೆಡಗು’ ಮತ್ತು ‘ಬೇಡ’ ಒಂದೇ ತರಹ ಶುರುವಾಗುವ ಪದಗಳಾಗಿ ಕಾಣಬಾರದು.

ಒತ್ತಕ್ಷರಗಳಲ್ಲಿ ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ಅವಕ್ಕೆ ಸ್ವಂತ ರೂಪವಿದೆ. ಅತ್ತ, ಅನ್ನ, ಅಮ್ಮ, ಅಯ್ಯ, ಚಕ್ರ, ಅಲ್ಲ ಎಂದು ಬರೆದು ನೋಡಿದರೆ ಗೊತ್ತಾಗುತ್ತದೆ. ಕನ್ನಡ ವಾಕ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಒತ್ತುಗಳೂ ಇವೇ. ಈ ಆರನ್ನು ಮಾತ್ರ ಒಂದು ವಾರ ಕೂತು ಸರಿಮಾಡಿಕೊಂಡರೂ ಪುಟದ ಕಳೆ ಬದಲಾಗುತ್ತದೆ. ಉಳಿದ ಒತ್ತುಗಳು ಹೆಚ್ಚಾಗಿ ತಲಕಟ್ಟಿಲ್ಲದ ಪುಟ್ಟ ಅಕ್ಷರಗಳೇ, ಅವು ತಾವಾಗಿ ಬರುತ್ತವೆ.

ನೋವಿನ ವಿಷಯಕ್ಕೆ ಬರೋಣ. ಹೆಬ್ಬೆರಳು ನೋಯುವುದಕ್ಕೆ ಮುಖ್ಯ ಕಾರಣ ಒತ್ತಡ. ಬರೆದ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬೆರಳಾಡಿಸಿ. ಅಕ್ಷರಗಳು ಉಬ್ಬಿ ಕೈಗೆ ಸಿಕ್ಕಿದರೆ ನೀವು ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತಿದ್ದೀರಿ. ಇದರಲ್ಲಿ ಬಾಲ್‌ಪೆನ್ನಿನ ಪಾಲೂ ಇದೆ. ಜಾನ್ ಲೌಡ್ ಎಂಬಾತ 1888ರಲ್ಲಿ ಚರ್ಮದಂಥ ಒರಟು ಮೇಲ್ಮೈ ಮೇಲೆ ಗುರುತು ಹಾಕಲು ಇಂಥದೊಂದು ಪೆನ್ನಿಗೆ ಪೇಟೆಂಟ್ ಪಡೆದಿದ್ದ. ಕಾಗದದ ಮೇಲೆ ಅದನ್ನು ಬಳಕೆಗೆ ತಂದವನು ಹಂಗರಿಯ ಲಾಸ್ಲೋ ಬಿರೊ, 1938ರ ಪೇಟೆಂಟಿನ ಮೂಲಕ. ಅದರ ಶಾಯಿ ಎಣ್ಣೆಯಂಶದ ಮಂದ ಲೇಪ, ಗುಂಡು ಉರುಳಿದರೆ ಮಾತ್ರ ಕಾಗದಕ್ಕೆ ಬರುತ್ತದೆ. ಗುಂಡು ಉರುಳಬೇಕಾದರೆ ಒತ್ತಬೇಕು, ಪೆನ್ನನ್ನು ಕೊಂಚ ನೆಟ್ಟಗೂ ಹಿಡಿಯಬೇಕು. ಇಂಕ್ ಪೆನ್ನಿನಲ್ಲಿ ನೀರಿನಂಥ ಶಾಯಿ ನಿಬ್ಬಿನ ಸಣ್ಣ ಸೀಳಿನಗುಂಟ ತಾನಾಗಿ ಇಳಿದು ಕಾಗದ ಮುಟ್ಟಿದೊಡನೆ ಹರಿಯುತ್ತದೆ. ಪೆನ್ನಿನ ತೂಕವೇ ಸಾಕು, ಕೈ ಒತ್ತಬೇಕಿಲ್ಲ, ಓರೆಯಾಗಿ ಒರಗಿಸಿ ಹಿಡಿಯಬಹುದು. ಜೆಲ್ ಪೆನ್ನು ಇವೆರಡರ ನಡುವೆ ನಿಲ್ಲುತ್ತದೆ.

ಹಾಗಾಗಿ ಪೆನ್ನು ಕೊಳ್ಳುವ ಪ್ರಶ್ನೆಗೆ ನನ್ನ ಉತ್ತರ ಇದು. ಹೊಸ ಪೆನ್ನು ನೋವನ್ನು ಕಡಿಮೆ ಮಾಡಬಲ್ಲದು, ಆಕಾರವನ್ನು ತಿದ್ದಲಾರದು. ಕೊಳ್ಳುವುದಾದರೆ ತೆಳು ನಿಬ್ಬಿನ ಇಂಕ್ ಪೆನ್ನು ಅಥವಾ 0.5ರ ಜೆಲ್ ಪೆನ್ನು ಕೊಳ್ಳಿ. ಕನ್ನಡ ಅಕ್ಷರಗಳ ಒಳಗೆ ಪುಟ್ಟ ಪುಟ್ಟ ಬಿಳಿ ಜಾಗಗಳಿವೆ. ಠಕಾರದ ಚುಕ್ಕಿಯ ಸುತ್ತಲಿನದು, ಥಕಾರದ ಹೊಟ್ಟೆಯೊಳಗಿನದು, ಒತ್ತುಗಳ ಸುರುಳಿ, ಇವೆಲ್ಲ ದಪ್ಪ ನಿಬ್ಬಿನಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತವೆ. ಹಾಳೆಯ ಕೆಳಗೆ ನಾಲ್ಕಾರು ಹಾಳೆಗಳ ಮೆತ್ತೆ ಇರಲಿ, ಗಟ್ಟಿ ಮೇಜಿನ ಮೇಲೆ ಒಂಟಿ ಹಾಳೆ ಇಟ್ಟು ಬರೆಯಬೇಡಿ.

ಹಿಡಿತದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಮೂರು ಬೆರಳಿನ ಹಿಡಿತವೊಂದೇ ಸರಿ ಎಂದು ಶಾಲೆಯಲ್ಲಿ ಹೇಳಿಸಿಕೊಂಡಿರುತ್ತೇವೆ. ನಾಲ್ಕು ಬೆರಳಿನಲ್ಲಿ ಹಿಡಿದು ಸ್ಪಷ್ಟವಾಗಿ, ವೇಗವಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹಿಡಿತ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎನ್ನುವುದೇ ಮುಖ್ಯ. ಬರೆಯುತ್ತಿರುವಾಗ ಯಾರಾದರೂ ಪೆನ್ನನ್ನು ಮೇಲಿನಿಂದ ಎಳೆದರೆ ಅದು ಸುಲಭವಾಗಿ ಜಾರಿ ಬರುವಂತಿರಬೇಕು. ಮುಂಗೈ ಪೂರ್ತಿ ಮೇಜಿನ ಮೇಲಿರಲಿ. ಬಲಗೈಯವರು ಹಾಳೆಯ ತಲೆಯನ್ನು ಕೊಂಚ ಎಡಕ್ಕೆ ವಾಲಿಸಲಿ, ಎಡಗೈಯವರು ಬಲಕ್ಕೆ. ಮಣಿಕಟ್ಟನ್ನು ತಿರುಚುವುದು ಇದರಿಂದ ತಪ್ಪುತ್ತದೆ. ಹೆಬ್ಬೆರಳಿಗೆ ಬಿಡುವು ಬೇಕೆನಿಸಿದಾಗ ಪೆನ್ನನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಇಟ್ಟು ಬರೆಯಿರಿ. ನೋಡಲು ವಿಚಿತ್ರ, ಆದರೆ ಹೆಬ್ಬೆರಳ ಮೇಲಿನ ಭಾರ ಕೂಡಲೇ ಇಳಿಯುತ್ತದೆ.

ಇಷ್ಟು ಮಾಡಿದ ಮೇಲೂ ನೋವು ವಾರಗಟ್ಟಲೆ ಹಾಗೇ ಇದ್ದರೆ, ರಾತ್ರಿ ಬೆರಳುಗಳು ಜುಮುಗುಟ್ಟಿದರೆ ವೈದ್ಯರನ್ನು ಕಾಣಿ. ಬೇರೆಲ್ಲ ಕೆಲಸಕ್ಕೂ ಬೆರಳು ನೆಟ್ಟಗಿದ್ದು, ಪೆನ್ನು ಹಿಡಿದಾಗ ಮಾತ್ರ ತಾನಾಗಿ ಮಡಚಿಕೊಳ್ಳುವುದು ಅಥವಾ ಸೆಟೆದುಕೊಳ್ಳುವುದು ಕಂಡರೆ ನರರೋಗ ತಜ್ಞರನ್ನೇ ನೋಡಬೇಕು. ಲೇಖಕರ ಸೆಳೆತ ಎಂಬ ತೊಂದರೆ ಅದು. ಅಂಥ ಹೊತ್ತಿನಲ್ಲಿ ಇನ್ನೂ ಹೆಚ್ಚು ಬರೆದು ಸರಿಮಾಡುತ್ತೇನೆ ಎಂದು ಹಟ ಹಿಡಿಯಬಾರದು.

ಈಗ ಶೈಲಿ. ಅಚ್ಚಿನ ಅಕ್ಷರವನ್ನು ಮಾದರಿಯಾಗಿ ಇಟ್ಟುಕೊಂಡು ತಿದ್ದುವವರು ಬಹಳ. ಅದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಚ್ಚಿನ ಅಕ್ಷರವನ್ನು ಕೂತು ಚಿತ್ರಿಸಿರುತ್ತಾರೆ. ಅದರಲ್ಲಿ ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳು. ಕೈ ಆ ಗೆರೆಯನ್ನು ಒಂದೇ ಓಟದಲ್ಲಿ ಎಳೆಯಲಾರದು. ಕನ್ನಡದ ಕೈಗೆ ಒಂದೇ ದಪ್ಪದ ಗೆರೆ ಹಳೆಯ ಪರಿಚಯ. ತಾಳೆಗರಿಯಲ್ಲಿ ಬರೆಯುವಾಗ ಶಾಯಿ ಇರುತ್ತಿರಲಿಲ್ಲ. ಕಂಟ ಎಂಬ ಕಬ್ಬಿಣದ ಲೇಖನಿಯ ಮೊನೆಯಿಂದ ಗರಿಯ ಮೇಲೆ ಗೀರುತ್ತಿದ್ದರು, ಆಮೇಲೆ ಮಸಿ ಸವರಿ ಒರೆಸಿದಾಗ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಕಾಣುತ್ತಿತ್ತು. ಗರಿಯನ್ನು ಎಡಗೈಯಲ್ಲಿ ಹಿಡಿದು, ಎಡ ಹೆಬ್ಬೆರಳಿನಿಂದ ಅದನ್ನು ಸರಿಸುತ್ತ ಹೋಗುವುದು ಪದ್ಧತಿ. ಗರಿಯ ನಾರು ಉದ್ದಕ್ಕೆ ಹೋಗುವುದರಿಂದ ನೇರವಾದ ಅಡ್ಡಗೆರೆ ಎಳೆದರೆ ಅದು ಸೀಳುತ್ತದೆ. ಅಕ್ಷರಗಳು ದುಂಡಗಾಗಲು ಇದು ಕಾರಣವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಪಾಶ್ಚಾತ್ಯ ಕ್ಯಾಲಿಗ್ರಫಿಯ ಸೊಬಗು ಹೆಚ್ಚಾಗಿ ಅಗಲ ನಿಬ್ಬು ಕೊಡುವ ದಪ್ಪ ತೆಳುವಿನ ಆಟದಿಂದ ಬರುತ್ತದೆ. ರೋಮಿನಲ್ಲಿ ಅರ್ರಿಗಿ ಎಂಬ ಲಿಪಿಕಾರ 1522ರ ಸುಮಾರಿಗೆ ಇಟಾಲಿಕ್ ಬರವಣಿಗೆಯ ಕೈಪಿಡಿ ಮಾಡಿದಾಗ ಕಲಿಸಿದ್ದು ಅದನ್ನೇ. ದಿನನಿತ್ಯದ ಕನ್ನಡ ಬರಹದ ಸೊಬಗು ಬೇರೆ ಕಡೆ ಇದೆ: ದುಂಡುಗಳ ಸಮತೆಯಲ್ಲಿ, ತಲಕಟ್ಟುಗಳ ಓರೆಯಲ್ಲಿ.

ತಲಕಟ್ಟಿನ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಒಬ್ಬರ ಕನ್ನಡವನ್ನು ದೂರದಿಂದಲೇ ಗುರುತಿಸುವುದು ಅದರಿಂದ. ಕೆಲವರದು ಚೂಪಾಗಿ ಮೇಲೆ ಚಿಮ್ಮುತ್ತದೆ, ಕೆಲವರದು ಹಕ್ಕಿಯ ರೆಕ್ಕೆಯಂತೆ ಬಾಗಿರುತ್ತದೆ, ಕೆಲವರು ಚಪ್ಪಟೆಯಾಗಿ ಎಳೆದುಬಿಡುತ್ತಾರೆ. ಮೂರೂ ಚೆಂದವೇ. ಒಂದೇ ಸಾಲಿನಲ್ಲಿ ಮೂರೂ ಸೇರಿದಾಗ ಸಾಲು ಕೆಡುತ್ತದೆ. ಖ, ಜ, ಟ, ಣ, ಬ, ಲ ಇಂಥ ಅಕ್ಷರಗಳಿಗೆ ತಲಕಟ್ಟಿಲ್ಲ, ಗುಡಿಸು ಅಥವಾ ಏತ್ವ ಬಂದಾಗ ಉಳಿದವುಗಳ ತಲಕಟ್ಟೂ ಹೋಗುತ್ತದೆ. ಹಾಗಾಗಿ ಸಾಲಿನಲ್ಲಿ ತಲಕಟ್ಟು ಬಿಟ್ಟು ಬಿಟ್ಟು ಬರುತ್ತದೆ. ಬಂದಾಗಲೆಲ್ಲ ಒಂದೇ ಎತ್ತರದಲ್ಲಿ, ಒಂದೇ ಓರೆಯಲ್ಲಿ ಬಂದರೆ ಸಾಲಿಗೆ ಒಂದು ತಾಳ ಹುಟ್ಟುತ್ತದೆ. ಮೈ ಬರೆದು, ಪೆನ್ನೆತ್ತಿ, ತಲಕಟ್ಟು ಹಾಕುವ ಆ ಅರೆಕ್ಷಣವನ್ನು ನುಂಗಬೇಡಿ. ಬೇಗ ಬರೆಯುವ ಆತುರದಲ್ಲಿ ಮೊದಲು ಬಲಿಯಾಗುವುದು ಅದೇ.

ಮಾದರಿಗೆ ಬೇರೆಯವರ ಬರಹ ಹುಡುಕಬೇಕಿಲ್ಲ. ನಿಮ್ಮ ದಿನಚರಿಯ ಹತ್ತಿಪ್ಪತ್ತು ಪುಟ ತಿರುವಿಹಾಕಿ ಚೆನ್ನಾಗಿ ಬಂದಿರುವ ಒಂದು ಅ, ಒಂದು ಕ, ಒಂದು ನ, ಹೀಗೆ ವರ್ಣಮಾಲೆ ಪೂರ್ತಿ ಆರಿಸಿ. ಎಷ್ಟು ಕೆಟ್ಟ ಬರಹದಲ್ಲೂ ಪ್ರತಿ ಅಕ್ಷರ ಎಲ್ಲೋ ಒಂದು ಕಡೆ ಚೆನ್ನಾಗಿ ಬಂದೇ ಇರುತ್ತದೆ. ಅವನ್ನು ಒಂದು ಹಾಳೆಗೆ ದೊಡ್ಡದಾಗಿ ಇಳಿಸಿಕೊಳ್ಳಿ. ಅದೇ ನಿಮ್ಮ ಕಾಪಿ ಪುಸ್ತಕ. ಆ ಚಲನೆ ನಿಮ್ಮ ಕೈಗೆ ಆಗಲೇ ಗೊತ್ತಿದೆ, ಅದನ್ನು ಪ್ರತಿ ಸಲವೂ ಬರುವಂತೆ ಮಾಡುವುದಷ್ಟೇ ಉಳಿದಿರುವುದು. ಬೇರೆಯವರ ಶೈಲಿಯನ್ನು ತಂದು ಹಚ್ಚಿಕೊಂಡರೆ ನಿಧಾನವಾಗಿ ಬರೆಯುವಾಗ ಮಾತ್ರ ಇರುತ್ತದೆ, ವೇಗ ಹಿಡಿದೊಡನೆ ಉದುರಿಹೋಗುತ್ತದೆ.

ಅಭ್ಯಾಸಕ್ಕೆ ದಿನಕ್ಕೆ ಕಾಲುಗಂಟೆ ಸಾಕು. ಮೊದಲ ಎರಡು ವಾರ ಪೆನ್ಸಿಲಿನಲ್ಲಿ, ಅಕ್ಷರದ ಮೈ 10 ಮಿಲಿಮೀಟರ್ ಇರುವಷ್ಟು ದೊಡ್ಡದಾಗಿ, ನಿಧಾನವಾಗಿ. ಒಂದೇ ಅಕ್ಷರವನ್ನು ಸಾಲುಗಟ್ಟಲೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕೈದನೆಯದರ ಹೊತ್ತಿಗೆ ಗಮನ ಹಾರಿಹೋಗಿ, ಉಳಿದ ಸಾಲಿನಲ್ಲಿ ತಪ್ಪನ್ನೇ ಗಟ್ಟಿಮಾಡುತ್ತೇವೆ. ಅದರ ಬದಲು ಜಗಳವಾಡುವ ಜೋಡಿಗಳನ್ನು ಬರೆಯಿರಿ: ಕಲಿ ಕಲೆ, ಬಂದ ಬರದ, ದನ ಧನ. ಆಮೇಲೆ ಕಾಗುಣಿತ, ಅಕ್ಷರದ ಮೈ ಎಲ್ಲೂ ಹಿಗ್ಗದೆ ಕುಗ್ಗದೆ ಕ ದಿಂದ ಕಃ ವರೆಗೆ. ಕೊನೆಗೆ ಎರಡು ಮೂರು ನಿಜವಾದ ವಾಕ್ಯ. ಬರೆದಾದ ಮೇಲೆ ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಪದಗಳು ಓದಲು ಬಾರದ ಕಾರಣ ಕಣ್ಣು ಅರ್ಥದ ಹಿಂದೆ ಹೋಗದೆ ಗಾತ್ರ, ಓರೆ, ಬಿಳಿ ಜಾಗದ ಏರುಪೇರುಗಳನ್ನು ಹಿಡಿದುಬಿಡುತ್ತದೆ. ಒಂದು ದಿನಕ್ಕೆ ಒಂದೇ ದೋಷ ಆರಿಸಿಕೊಳ್ಳಿ.

ಎರಡು ವಾರದ ಬಳಿಕ 3 ಮಿಲಿಮೀಟರಿಗೆ ಇಳಿಯಿರಿ, ಪೆನ್ನು ಹಿಡಿಯಿರಿ. ವೇಗವನ್ನು ನೀವಾಗಿ ಹೆಚ್ಚಿಸಬೇಡಿ, ಅದು ತಾನಾಗಿ ಏರುತ್ತದೆ. ಅಕ್ಷರ ಒಡೆಯಲು ಶುರುವಾದ ಕಡೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಫೋನಿನಲ್ಲಿ ಮಾತಾಡುತ್ತ ಗೀಚಿಕೊಳ್ಳುವ ಟಿಪ್ಪಣಿ ಮೊದಲಿನಂತೆಯೇ ಇದ್ದರೆ ಬೇಸರಪಡಬೇಡಿ. ಲಿಪಿಗಳ ಇತಿಹಾಸದಲ್ಲಿ ಗ್ರಂಥ ಬರೆಯುವ ಕೈ ಬೇರೆ, ಲೆಕ್ಕಪತ್ರ ಬರೆಯುವ ಕೈ ಬೇರೆ ಆಗಿರುವುದು ಸಾಮಾನ್ಯ. ನಿಮಗೂ ಎರಡು ಕೈ ಇರಲಿ. ದಿನಚರಿಗೆ ಮಾತ್ರ ಒಳ್ಳೆಯದನ್ನೇ ಬಳಸಿ. ಎರಡು ಮೂರು ತಿಂಗಳಲ್ಲಿ ಅವಸರದ ಕೈಗೂ ಅದರ ಗುಣ ಅಷ್ಟಿಷ್ಟು ಇಳಿಯುತ್ತದೆ.

ಇನ್ನು ಸಹಿ. ಅದನ್ನು ಮುಟ್ಟಬೇಡಿ. ಬ್ಯಾಂಕಿನಲ್ಲಿ, ದಾಖಲೆಗಳಲ್ಲಿ ಹೋಲಿಸಿ ನೋಡುವುದು ನೀವು ಹಿಂದೆ ಕೊಟ್ಟ ಮಾದರಿಯೊಂದಿಗೆ. ಬರಹ ದುಂಡಗಾಯಿತೆಂದು ಸಹಿಯನ್ನೂ ದುಂಡಗೆ ಮಾಡಿದರೆ ಇಲ್ಲದ ತೊಂದರೆ ತಂದುಕೊಂಡಂತೆ. ಅಭ್ಯಾಸದ ದಿನಗಳಲ್ಲಿ ಸಹಿಯೂ ತನಗೆ ತಾನೇ ಬದಲಾಗುವುದುಂಟು, ಅದಕ್ಕಾಗಿ ಹಳೆಯ ಸಹಿಯ ಒಂದು ಪ್ರತಿ ಕಣ್ಣೆದುರಿಗಿರಲಿ. ಬದಲಿಸಲೇಬೇಕು ಎಂಬ ಆಸೆ ಇದ್ದರೆ ಹೊಸ ಬರಹ ಗಟ್ಟಿಯಾದ ಮೇಲೆ, ಸಹಿ ಇರುವ ಕಡೆಗಳಲ್ಲೆಲ್ಲ ಕ್ರಮಬದ್ಧವಾಗಿ ಹೊಸ ಮಾದರಿ ಕೊಟ್ಟು ಬದಲಿಸಿ.